ಕಾಸ್ಮೋಸ್ ಗಿಡ ನಾಲ್ಕೂವರೆ ಅಡಿ ಬೆಳೆದು ಬಾಗುತ್ತಿದೆ, ಮೊಗ್ಗು ಮಾತ್ರ ಇಲ್ಲ

ತಾರಸಿ ಹಸಿರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ತಾರಸಿಯಲ್ಲಿ 12×12 ಇಂಚಿನ ಗ್ರೋ ಬ್ಯಾಗ್‌ಗಳಲ್ಲಿ ಕಾಸ್ಮೋಸ್ ಇದೆ. ಬೀಜದ ಪೊಟ್ಟಣದ ಮೇಲೆ ‘ಸೆನ್ಸೇಷನ್ ಮಿಕ್ಸ್’ ಎಂದಿತ್ತು. ಎಲೆ ಸಬ್ಬಸಿಗೆ ಸೊಪ್ಪಿನ ಹಾಗೆ ಎಳೆ ಎಳೆಯಾಗಿದೆ. ಬಿತ್ತಿದ್ದು ಜೂನ್ ಮಧ್ಯದಲ್ಲಿ, ಈಗ ಆಗಸ್ಟ್ ಮುಗಿಯುತ್ತಾ ಬಂತು. ಗಿಡ ನಾಲ್ಕೂವರೆ ಅಡಿ ಎತ್ತರವಾಗಿ ಕಡುಹಸಿರಾಗಿದೆ, ಗಾಳಿ ಬಂದರೆ ಮಲಗಿಬಿಡುತ್ತದೆ. ಒಂದೂ ಮೊಗ್ಗಿಲ್ಲ.

ಕೆಮ್ಮಣ್ಣು, ಎರೆಗೊಬ್ಬರ, ಕೋಕೋಪೀಟ್ ಸಮಪಾಲು. ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ನಡುವೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ರಾಸಾಯನಿಕ ಗೊಬ್ಬರ). ನೀರು ದಿನಾಲೂ. ಬಿಸಿಲು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ, ಆಮೇಲೆ ಪಕ್ಕದ ಕಟ್ಟಡದ ನೆರಳು. ಒಂದು ಬ್ಯಾಗಿಗೆ ಮೂರು ಗಿಡ. ಕೆಳಗಿನ ಎಲೆಗಳ ಮೇಲೆ ಬಿಳಿ ಪುಡಿ ಥರ ಏನೋ ಕೂತಿದೆ. ಇವನ್ನು ಉಳಿಸಿಕೊಳ್ಳಬಹುದೇ, ಅಥವಾ ಕಿತ್ತು ಹೊಸದಾಗಿ ಬಿತ್ತುವುದೇ ಒಳ್ಳೆಯದೇ?

ಕೆಮ್ಮಣ್ಣು

ಕೀಳಬೇಡಿ. ಗಿಡ ಸೊಕ್ಕಿದೆ, ಅಷ್ಟೇ. ಕಾಸ್ಮೋಸ್ ಮೆಕ್ಸಿಕೋದ ಬಡ ಮಣ್ಣಿನ ಗಿಡ. ಗುಲಾಬಿಗೋ ದಾಸವಾಳಕ್ಕೋ ಹಾಕುವಷ್ಟು ಗೊಬ್ಬರ ಇದಕ್ಕೆ ಹಾಕಿದರೆ ಸೊಪ್ಪು ಬರುತ್ತದೆ, ಹೂವು ಹಿಂದೆ ಬೀಳುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಶೇ 7ರ ಆಸುಪಾಸು ಸಾರಜನಕ ಇರುತ್ತದೆ. ಮಿಶ್ರಣದಲ್ಲಿ ಮೂರನೇ ಒಂದು ಭಾಗ ಎರೆಗೊಬ್ಬರ ಇರುವಾಗ ಅದರ ಮೇಲೆ ಹಿಂಡಿ ನೀರು, ಅದರ ಮೇಲೆ 19:19:19 ಎಂದರೆ ಗಿಡಕ್ಕೆ ಹೂ ಬಿಡುವ ತುರ್ತೇ ಇರುವುದಿಲ್ಲ. ಕಾಂಡ ನೀರು ತುಂಬಿಕೊಂಡು ಮೆತ್ತಗಾಗುತ್ತದೆ, ಹಾಗಾಗಿಯೇ ಮಲಗುತ್ತದೆ.

ಇವತ್ತಿನಿಂದಲೇ ಎಲ್ಲ ಗೊಬ್ಬರ ನಿಲ್ಲಿಸಿ. ನೀರು ದಿನಾ ಬೇಡ, ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಕೊಡಿ. ಕೋಕೋಪೀಟ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ, ಆದ್ದರಿಂದ ಬ್ಯಾಗನ್ನು ಎತ್ತಿ ತೂಕ ನೋಡುವುದು ಇನ್ನೂ ನಂಬಿಕೆಯ ದಾರಿ. ಬ್ಯಾಗುಗಳನ್ನು ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳುವ ಜಾಗಕ್ಕೆ ಸರಿಸಿ. 4 ಗಂಟೆ ಸಾಲದು.

ಆಮೇಲೆ ಪ್ರತಿ ಗಿಡವನ್ನೂ ಮೇಲಿನಿಂದ ಮೂರನೇ ಒಂದು ಭಾಗ ಕತ್ತರಿಸಿ. ಎಲೆ ಜೋಡಿಯ ಮೇಲೆ ಕಾಲು ಇಂಚು ಬಿಟ್ಟು ಕತ್ತರಿಸಿದರೆ ಆ ಕಂಕುಳಿನಿಂದಲೇ ಎರಡು ಕವಲು ಬರುತ್ತವೆ. ಮೂರು ನಾಲ್ಕು ವಾರದಲ್ಲಿ ಆ ಕವಲುಗಳ ತುದಿಯಲ್ಲಿ ಮೊಗ್ಗು ನೋಡಬಹುದು. ನಾಲ್ಕು ಅಡಿಯ ಬಿದಿರು ಕಡ್ಡಿಯನ್ನು ಬುಡದಿಂದ ಎರಡು ಇಂಚು ದೂರದಲ್ಲಿ ಊರಿ, ಸೆಣಬಿನ ದಾರದಿಂದ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಗಾಳಿಗೆ ದಾರ ಕೊರೆದು, ಕಟ್ಟಿದ ಜಾಗದಲ್ಲೇ ಕಾಂಡ ಮುರಿಯುತ್ತದೆ.

ಒಂದು ಬ್ಯಾಗಿಗೆ ಮೂರು ಗಿಡ ಈ ಎತ್ತರದ ತಳಿಗೆ ಹೆಚ್ಚು. ಬಡಕಲಾದ ಒಂದನ್ನು ಬುಡದಲ್ಲೇ ಕತ್ತರಿಸಿಬಿಡಿ. ಕೀಳಲು ಹೋದರೆ ಉಳಿದವುಗಳ ಬೇರೂ ಅಲುಗುತ್ತದೆ.

ಹಗಲು ಗಡಿಯಾರ

ಮೇಲಿನವರು ಹೇಳಿದ್ದು ಸರಿ, ಆದರೆ ಇನ್ನೊಂದು ವಿಷಯ ವಿಚಾರಿಸಬೇಕು: ರಾತ್ರಿ ಆ ಜಾಗದಲ್ಲಿ ಬೆಳಕು ಬೀಳುತ್ತದೆಯೇ?

ಗುಲಾಬಿ, ಬಿಳಿ ಬಣ್ಣದ ಈ ಕಾಸ್ಮೋಸ್ (ಕಾಸ್ಮೋಸ್ ಬೈಪಿನ್ನೇಟಸ್) ಹಗಲು ಚಿಕ್ಕದಾದಷ್ಟೂ ಬೇಗ ಹೂ ಬಿಡುವ ಜಾತಿ. ಬೆಂಗಳೂರಿನಲ್ಲಿ ಜೂನ್‌ನಲ್ಲೂ ಹಗಲು 13 ಗಂಟೆ ದಾಟುವುದಿಲ್ಲ, ಡಿಸೆಂಬರ್‌ನಲ್ಲಿ ಹನ್ನೊಂದೂ ಕಾಲು ಗಂಟೆಯ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ನಮ್ಮಲ್ಲಿ ಬರೀ ಹಗಲಿನ ಉದ್ದದಿಂದ ಹೂ ನಿಲ್ಲುವುದಿಲ್ಲ. ಆದರೆ ಗಿಡ ನಿಜವಾಗಿ ಅಳೆಯುವುದು ಕತ್ತಲನ್ನು. ಬೀದಿ ದೀಪವೋ ತಾರಸಿಯ ಎಲ್‌ಇಡಿಯೋ ಹತ್ತಿರದಿಂದ ರಾತ್ರಿಯಿಡೀ ಬಿದ್ದರೆ ಗಿಡದ ಪಾಲಿಗೆ ಅದು ಉದ್ದ ಹಗಲು. ಮೊಗ್ಗು ವಾರಗಟ್ಟಲೆ ತಡವಾಗುತ್ತದೆ, ಅಷ್ಟರಲ್ಲಿ ಗಿಡ ಎತ್ತರಕ್ಕೆ ಹೋಗಿರುತ್ತದೆ. ದೀಪದ ಕಡೆಯ ಗಿಡಗಳಿಗಿಂತ ಗೋಡೆಯ ಮರೆಯ ಗಿಡಗಳು ಮೊದಲು ಮೊಗ್ಗು ಬಿಟ್ಟರೆ ಕಾರಣ ಇದೇ ಎಂದು ತಿಳಿಯಿರಿ.

ಕತ್ತರಿಸುವ ವಿಷಯದಲ್ಲಿ ಸಣ್ಣ ತಕರಾರಿದೆ. ಕತ್ತರಿ ಹಾಕುವ ಮೊದಲು ತುದಿಯ ಎಲೆಗಳ ನಡುವೆ ಬಿಡಿಸಿ ನೋಡಿ. ಮೆಣಸಿನ ಕಾಳಿನಷ್ಟು ಗಟ್ಟಿ ಗುಂಡು ಕೈಗೆ ಸಿಕ್ಕರೆ ಅದು ಮೊಗ್ಗು, ಆ ಗಿಡವನ್ನು ಮುಟ್ಟಬೇಡಿ, ಕಡ್ಡಿ ಕೊಟ್ಟರೆ ಸಾಕು. ಕುಡಿ ಚಿವುಟಲು ಸರಿಯಾದ ಕಾಲ ಗಿಡ ಎಂಟರಿಂದ ಹತ್ತು ಇಂಚು ಇದ್ದಾಗ, ನಾಲ್ಕು ಜೋಡಿ ಎಲೆಗಳ ಮೇಲೆ. ಆಗ ಚಿವುಟಿದರೆ ಹೂವು ಒಂದೆರಡು ವಾರ ತಡವಾದರೂ ಗಿಡ ಪೊದೆಯಾಗಿ, ತಗ್ಗಾಗಿ ನಿಲ್ಲುತ್ತದೆ. ಅಕ್ಟೋಬರ್ ನಂತರ ಬಿತ್ತಿದ ಗಿಡವನ್ನು ಚಿವುಟುವುದೇ ಬೇಡ. ಹಗಲು ಕುಗ್ಗುತ್ತಿರುವಾಗ ಅದು ಎರಡು ಅಡಿಯಲ್ಲೇ ಹೂವಿಗೆ ಬಂದುಬಿಡುತ್ತದೆ.

ತಾರಸಿ ಹಸಿರು, ಬೆಂಗಳೂರು

ಇಬ್ಬರಿಗೂ ಧನ್ಯವಾದ. ಹೌದು, ನೀರಿನ ಟ್ಯಾಂಕ್ ಪಕ್ಕದ ಎಲ್‌ಇಡಿ ರಾತ್ರಿಯಿಡೀ ಉರಿಯುತ್ತದೆ, ಬ್ಯಾಗುಗಳು ಅದರ ಕೆಳಗೇ ಇವೆ. ತುದಿಯಲ್ಲಿ ಗುಂಡು ಏನೂ ಸಿಗಲಿಲ್ಲ, ಆದ್ದರಿಂದ ಕತ್ತರಿಸುತ್ತೇನೆ. ಬಿಳಿ ಪುಡಿಗೆ ಏನು ಮಾಡಲಿ? ಎರಡು ಗಿಡಗಳಲ್ಲಿ ಕುಡಿ ಮುದುರಿದೆ, ಇರುವೆ ಓಡಾಡುತ್ತಿವೆ.

ಬೇವಿನೆಣ್ಣೆ

ಎರಡೂ ಬೇರೆ ಬೇರೆ ತೊಂದರೆ, ಮದ್ದನ್ನು ಒಂದೇ ಸಲ ಹೊಡೆಯಬೇಡಿ.

ಬೆರಳಿನಿಂದ ಒರೆಸಿದರೆ ಹೋಗುವ ಬಿಳಿ ಪುಡಿ ಬೂದಿ ರೋಗ, ಶಿಲೀಂಧ್ರದಿಂದ ಬರುವುದು. ಇದಕ್ಕೆ ಎಲೆ ಒದ್ದೆಯಾಗಬೇಕೆಂದೇನಿಲ್ಲ. ನೆರಳು, ಒತ್ತೊತ್ತಾದ ಗಿಡ, ಗಾಳಿಯಾಡದ ತೇವದ ಹವೆ ಇದ್ದರೆ ಸಾಕು. ಪುಡಿ ಕೂತ ಕೆಳಗಿನ ಎಲೆಗಳನ್ನು ತೆಗೆದು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಜಾಗ ಬದಲಿಸಿ, ಗಿಡ ತೆಳುವು ಮಾಡಿದಾಗಲೇ ಮುಕ್ಕಾಲು ಪಾಲು ನಿಲ್ಲುತ್ತದೆ. ಆಮೇಲೂ ಮೇಲಕ್ಕೆ ಹತ್ತಿದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ, ಹತ್ತು ದಿನದ ಅಂತರದಲ್ಲಿ ಎರಡು ಸಲ. ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಇರುವೆ ಇದ್ದ ಕಡೆ ಕುಡಿಯ ಹಿಂಬದಿ ನೋಡಿ, ಹಸಿರೋ ಕಪ್ಪೋ ಸಸ್ಯಹೇನು ಗುಂಪು ಕಟ್ಟಿರುತ್ತವೆ. ಹಿಂಡಿ ನೀರಿನಿಂದ ಎಳೆಯದಾದ ಮೆತ್ತನೆ ಕುಡಿಯೇ ಅವುಗಳಿಗೆ ಬೇಕಾದ್ದು, ಅಂದರೆ ಇದರ ಮೂಲವೂ ಅದೇ ಗೊಬ್ಬರ. ಮೊದಲು ಪೈಪಿನ ನೀರನ್ನು ಜೋರಾಗಿ ಕುಡಿಗೆ ಹಾಯಿಸಿ, ಮೂರು ದಿನ ಬೆಳಿಗ್ಗೆ. ಉಳಿದರೆ 5 ಮಿ.ಲೀ. ಬೇವಿನೆಣ್ಣೆಗೆ 2 ಮಿ.ಲೀ. ಪಾತ್ರೆ ತೊಳೆಯುವ ದ್ರವವನ್ನು ಮೊದಲು ಕಲಸಿ, ಬಿಳಿಯಾದ ಮೇಲೆ 1 ಲೀಟರ್ ನೀರಿಗೆ ಬೆರೆಸಿ ಸಂಜೆ ಸಿಂಪಡಿಸಿ. ಎಣ್ಣೆಯನ್ನು ನೇರ ನೀರಿಗೆ ಹಾಕಿದರೆ ಮೇಲೆ ತೇಲುತ್ತದೆ, ಕೊನೆಗೆ ಉಳಿದ ದಟ್ಟ ಎಣ್ಣೆ ಒಂದೇ ಗಿಡಕ್ಕೆ ಬಿದ್ದು ಎಲೆ ಕಪ್ಪಾಗುತ್ತದೆ. ಎಣ್ಣೆಗೂ ಗಂಧಕಕ್ಕೂ ನಡುವೆ ಎರಡು ಮೂರು ವಾರ ಬಿಡಲೇಬೇಕು, ಇಲ್ಲವಾದರೆ ಎರಡೂ ಸೇರಿ ಗಿಡವನ್ನು ಸುಡುತ್ತವೆ.

ಹೂ ಬಿಡಲು ಶುರುವಾದ ಮೇಲೆ ಅಂಗಡಿಯ ಕೀಟನಾಶಕ ಯಾವುದನ್ನೂ ತರಬೇಡಿ. ಕಾಸ್ಮೋಸಿಗೆ ಜೇನ್ನೊಣ, ಚಿಟ್ಟೆ ಬೆಳಗಿನಿಂದಲೇ ಬರುತ್ತವೆ. ಅವು ಬರಬೇಕೆಂದೇ ಬಹಳ ಮಂದಿ ತರಕಾರಿ ಮಡಿಯ ಪಕ್ಕ ಇದನ್ನು ಹಾಕುವುದು.

ಇನ್ನೊಂದು ಎಚ್ಚರಿಕೆ: ಮುಂದೆ ಹೂವಿನ ದಳ ಹಸಿರಾಗಿ, ಎಲೆಯಂತೆ ವಿಕಾರವಾಗಿ ಬಂದರೆ ಅದು ಜಿಗಿಹುಳು ಹರಡುವ ಫೈಟೋಪ್ಲಾಸ್ಮಾ (ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿ) ರೋಗ. ಮದ್ದಿಲ್ಲ. ಆ ಗಿಡವನ್ನು ಬೇರು ಸಮೇತ ಅಂದೇ ತೆಗೆದುಹಾಕಿ.

ಧಾರವಾಡ ಕೈತೋಟ

ಇವು ಹೂ ಬಿಟ್ಟು ಮುಗಿಯುವುದನ್ನು ಕಾಯಬ್ಯಾಡ್ರಿ, ಸೆಪ್ಟೆಂಬರ್ ಕೊನೆಗೆ ಇನ್ನೊಂದು ಸಾಲು ಬಿತ್ತಿಬಿಡ್ರಿ. ದಕ್ಷಿಣದ ಒಳನಾಡಿಗೂ ಧಾರವಾಡ, ಬೆಳಗಾವಿ ಕಡೆಗೂ ಸೆಪ್ಟೆಂಬರ್‌ನಿಂದ ನವೆಂಬರ್ ಚಲೋ ಕಾಲ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಆಗಸ್ಟ್‌ವರೆಗೆ ಕೈ ಹಾಕುವುದೇ ಬೇಡ, ಆ ಮಳೆಗೆ ಬುಡ ಕೊಳೆಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಗುಲಾಬಿ ಬಣ್ಣದ್ದು ತಡೆಯುವುದಿಲ್ಲ, ಅಲ್ಲಿ ಹಳದಿ, ಕಿತ್ತಳೆ ಬಣ್ಣದ ಕಾಸ್ಮೋಸ್ ಸಲ್ಫ್ಯೂರಿಯಸ್ ಹಾಕಬೇಕು. ಎಲೆ ಅಗಲ, ಬಿಸಿಲು ತಡೆಯುತ್ತದೆ, ಬಿತ್ತಿ ಎರಡು ತಿಂಗಳೊಳಗೆ ಹೂವು. ತಾರಸಿಯ ಗಾಳಿಗೆ ‘ಸೊನಾಟಾ’ ಥರದ ಗಿಡ್ಡ ತಳಿ ಎತ್ತರದ ‘ಸೆನ್ಸೇಷನ್’ಗಿಂತ ಎಷ್ಟೋ ವಾಸಿ. ಎರಡು ಅಡಿ ಮೀರುವುದಿಲ್ಲ, ಕಡ್ಡಿ ಬೇಕಿಲ್ಲ, 12 ಇಂಚಿನ ಬ್ಯಾಗಿಗೆ ಎರಡು ಗಿಡ ಹಿಡಿಸುತ್ತವೆ.

ಮಿಶ್ರಣ: ಕೆಮ್ಮಣ್ಣು 6 ಪಾಲು, ದಪ್ಪ ಮರಳು 2 ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ 1 ಪಾಲು. ಕಾಲು ಇಂಚು ಆಳಕ್ಕೆ ಬೀಜ, ಮೇಲೆ ತೆಳ್ಳಗೆ ಮಣ್ಣು, ಹನಿ ನೀರು. ವಾರದೊಳಗೆ ಮೊಳೆಯುತ್ತದೆ. ಮೊಳೆತ ಸಸಿ ಬುಡದಲ್ಲಿ ಸಣಕಲಾಗಿ ಕಪ್ಪಾಗಿ ಬಿದ್ದರೆ ನೀರು ಹೆಚ್ಚಾಗಿದೆ ಅಂತ ಅರ್ಥ. ಆಮೇಲೆ ಗೊಬ್ಬರ ಬೇಕೇಬೇಕು ಅನಿಸಿದರೆ ಮೊದಲ ಮೊಗ್ಗು ಕಂಡಾಗ ಒಂದೇ ಸಲ 0:0:50 (ಸಾರಜನಕವಿಲ್ಲದ ಪೊಟ್ಯಾಷ್ ಗೊಬ್ಬರ), ಲೀಟರಿಗೆ 2 ಗ್ರಾಂ, ಬ್ಯಾಗಿಗೆ ಅರ್ಧ ಲೀಟರ್.

ಹೂವು ಬಾಡಿದ ಕೂಡಲೇ ಬರೀ ಹೂವಿನ ತಲೆ ಚಿವುಟಬ್ಯಾಡ್ರಿ, ತೊಟ್ಟಿನ ಕೆಳಗಿನ ಎಲೆ ಜೋಡಿಯವರೆಗೆ ಕತ್ತರಿಸಬೇಕು. ಬೀಜ ಕಟ್ಟಲು ಬಿಟ್ಟರೆ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಮುಂದಿನ ವರ್ಷಕ್ಕೆ ಬೀಜ ಬೇಕಾದರೆ ಕೊನೆಯ ಸುತ್ತಿನ ಹೂಗಳನ್ನು ಗಿಡದಲ್ಲೇ ಒಣಗಲು ಬಿಡಿ. ಬೀಜ ಸೂಜಿಯಂತೆ ಕಪ್ಪಾಗಿ ಚಕ್ರದ ಥರ ಹರಡಿಕೊಂಡಾಗ ಬಿಡಿಸಿ, ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಎರಡು ವರ್ಷ ಮೊಳಕೆ ಚೆನ್ನಾಗಿರುತ್ತದೆ. ಗುಲಾಬಿ ಕಾಸ್ಮೋಸಿಗೆ ತನ್ನದೇ ಪರಾಗ ಒಗ್ಗುವುದಿಲ್ಲ. ಒಂದೇ ಗಿಡ ಇಟ್ಟವರಿಗೆ ಸಿಗುವುದು ಬಹುಪಾಲು ಜೊಳ್ಳು. ಹತ್ತಿರದಲ್ಲಿ ಎರಡು ಮೂರು ಗಿಡ ಹೂವಿನಲ್ಲಿರಬೇಕು, ಬಣ್ಣ ಬೆರೆಯುವುದಕ್ಕೂ ತಯಾರಿರಬೇಕು.

ಹಗಲು ಗಡಿಯಾರ

ಹೊಸ ಬ್ಯಾಗುಗಳನ್ನು ಎಲ್‌ಇಡಿ ಕೆಳಗೆ ಇಡಬೇಡಿ. ಜಾಗ ಬೇರೆ ಇಲ್ಲದಿದ್ದರೆ ದೀಪಕ್ಕೆ ಒಂದು ತಗಡಿನ ಮರೆ ಸಾಕು, ಗಿಡದ ಮೇಲೆ ನೇರ ಬೆಳಕು ಬೀಳದಿದ್ದರೆ ಆಯಿತು.