ಯೆಜ್ಡಿ ಕ್ರ್ಯಾಂಕ್ ಸೀಲ್: ಕೂರಿಸುವ ಮೊದಲು ಶಾಫ್ಟ್ ನೋಡಿ

ಪ್ರಶ್ನೆ (ಆಲ್ದೂರಿನಿಂದ): ಅಣ್ಣಾ, ನಮಸ್ಕಾರ. ಅಪ್ಪನ ಹಳೇ ಯೆಜ್ಡಿ 250 ಎಂಜಿನ್ ಮನೆಯಲ್ಲೇ ಬಿಚ್ಚಿದ್ದೇನೆ. ಈ ಕೆಲಸ ಇದೇ ಮೊದಲು. ಬಿಚ್ಚುವ ಮುಂಚೆ ಬಿಳಿ ಹೊಗೆ ಜಾಸ್ತಿ ಇತ್ತು. ಹೊರಗೆ ಒಂದು ಹನಿಯೂ ಸೋರದೆ ಗೇರ್ ಆಯಿಲ್ ಕಮ್ಮಿ ಆಗುತ್ತಿತ್ತು. ಬೋರ್, ಪಿಸ್ಟನ್ ಕೆಲಸ ಮುಗಿದಿದೆ. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟ್) ಎರಡೂ ಕಡೆಗೆ ಹೊಸ ಆಯಿಲ್ ಸೀಲ್ ತಂದಿದ್ದೇನೆ. ಸುಮ್ನೆ ಸುತ್ತಿಗೆಯಲ್ಲಿ ತಟ್ಟಿ ಕೂರಿಸಬಹುದಾ? ಗಮ್ ಹಚ್ಚಬೇಕಾ?

ಉತ್ತರ (ಟೂ-ಸ್ಟ್ರೋಕ್ ಮೆಕ್ಯಾನಿಕ್, ಚಿಕ್ಕಮಗಳೂರು): ನಮಸ್ಕಾರ ತಮ್ಮಾ. ನೀವು ಹೇಳಿದ ಲಕ್ಷಣ ಕ್ಲಚ್ ಕಡೆಯ ಸೀಲಿನದು. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್‌ಕೇಸ್ ಒಳಗೆ ಎಳೆತ ಹುಟ್ಟುತ್ತದೆ. ಸೀಲ್ ಸವೆದಿದ್ದರೆ ಪಕ್ಕದ ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ. ಡೈನಮೋ ಕಡೆಯದು ಹೋದರೆ ಹೊಗೆ ಬರುವುದಿಲ್ಲ, ಅದಕ್ಕೇ ಅದು ಜಾಸ್ತಿ ಅಪಾಯ. ಅಲ್ಲಿಂದ ಬರೀ ಗಾಳಿ ನುಗ್ಗಿ ಪೆಟ್ರೋಲ್ ಪಾಲು ಕಮ್ಮಿ ಆಗುತ್ತದೆ, ಎಂಜಿನ್ ಕಾಯುತ್ತದೆ, ಮುಳ್ಳಯ್ಯನಗಿರಿ ಏರಿನಂಥ ಕಡೆ ಪಿಸ್ಟನ್ ಬೋರಿನಲ್ಲೇ ಹಿಡಿದುಕೊಂಡು ಸೀಜ್ ಆಗುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಿ.

ಮೊದಲು ತಂದಿರುವ ಸೀಲ್ ನೋಡಿ. ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆ ಕಾಲದ ಸ್ಟಾಕ್ ಇನ್ನೂ ಅಲ್ಲಲ್ಲಿ ಸಿಗುತ್ತದೆ. ಸೀಲಿನ ತುಟಿಯನ್ನು, ಅಂದರೆ ಶಾಫ್ಟಿಗೆ ತಾಗುವ ಒಳ ಅಂಚನ್ನು, ಬೆರಳಲ್ಲಿ ಮಡಚಿ ನೋಡಿ, ಗಟ್ಟಿಯಾಗಿದ್ದರೆ ಅಥವಾ ಬಿರುಕು ಕಂಡರೆ ಹಾಕಬೇಡಿ.

ಆಮೇಲೆ, ಸೀಲಿಗಿಂತ ಮುಖ್ಯವಾದದ್ದು ಶಾಫ್ಟ್. ಹಳೇ ಸೀಲ್ ಓಡಿದ ಜಾಗದ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಎಷ್ಟೇ ಒಳ್ಳೆಯ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ನೋಡಿ ಹೇಳಿ, ಕೂರಿಸುವುದು ಆಮೇಲೆ.

ಪ್ರಶ್ನೆ: ನೋಡಿದೆ ಅಣ್ಣಾ. ಕ್ಲಚ್ ಕಡೆ ಗೆರೆ ಇದೆ, ಉಗುರು ಸಣ್ಣಗೆ ತಡೆಯುತ್ತದೆ. ಡೈನಮೋ ಕಡೆ ಗೆರೆ ಇಲ್ಲ. ಆದರೆ ಮಳೆಗಾಲದಲ್ಲಿ ಎಂಜಿನ್ ಬಿಚ್ಚಿದ ಹಾಗೇ ಇತ್ತು, ತುಕ್ಕಿನ ಚುಕ್ಕೆ ಬಂದಿದೆ.

ಉತ್ತರ: ನಮ್ಮ ಕಡೆಯ ಮಳೆಗೆ ಎಣ್ಣೆ ಸವರದ ಕಬ್ಬಿಣ ಉಳಿಯುವುದಿಲ್ಲ. ತುಕ್ಕು ಬರೀ ಮೇಲ್ಮೈಯಲ್ಲಿದ್ದರೆ 800 ನಂಬರಿನ ನೀರು ಕಾಗದಕ್ಕೆ (ನಯವಾದ ಉಜ್ಜು ಕಾಗದ) ಎಣ್ಣೆ ಹಾಕಿ ಶಾಫ್ಟಿನ ಸುತ್ತ ಉಜ್ಜಿ. ಉದ್ದಕ್ಕೆ ಉಜ್ಜಬೇಡಿ, ಉದ್ದನೆಯ ಗೀರಿನಲ್ಲೇ ಎಣ್ಣೆ ದಾರಿ ಮಾಡಿಕೊಳ್ಳುತ್ತದೆ. ಉಜ್ಜುವಾಗ ಬೇರಿಂಗಿಗೆ ಬಟ್ಟೆ ತುರುಕಿರಿ, ಪುಡಿ ಒಳಗೆ ಹೋಗಬಾರದು. ಚುಕ್ಕೆ ಗುಳಿಯಾಗಿ ಉಳಿದರೆ ಉಜ್ಜಿ ಪ್ರಯೋಜನವಿಲ್ಲ.

ಗೆರೆ ಇರುವ ಕಡೆ, ಜಾಗ ಇದ್ದರೆ ಸೀಲನ್ನು ಒಂದು ಮಿಲಿಮೀಟರ್ ಹೊರಗೋ ಒಳಗೋ ಕೂರಿಸಿ, ತುಟಿ ಹೊಸ ಜಾಗದಲ್ಲಿ ಓಡಲಿ. ಒಳಗೆ ತಳ್ಳುವ ಮುಂಚೆ ಬೇರಿಂಗಿಗೆ ಎಣ್ಣೆ ಹೋಗುವ ತೂತು ಮುಚ್ಚುತ್ತದಾ ನೋಡಿ. ಮುಚ್ಚಿದರೆ ಬೇರಿಂಗ್ ಹೋಗುತ್ತದೆ. ಜಾಗವೂ ಇಲ್ಲ, ಗೆರೆಯೂ ಆಳ ಅಂದರೆ ಶಾಫ್ಟಿಗೆ ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮ್ ಲೇಪ) ಮಾಡಿಸಿ ಗ್ರೈಂಡ್ ಮಾಡಿಸಬೇಕು. ಎಂಜಿನ್ ಹೇಗೂ ಬಿಚ್ಚಿದೆ, ಈಗಲೇ ಮಾಡಿಸುವುದು ಒಳ್ಳೆಯದು.

ಇನ್ನು ಕೂರಿಸುವುದು. ಶಾಫ್ಟಿನಲ್ಲಿ ಕೀ ಕೂರುವ ತೋಡು, ಥ್ರೆಡ್ ಎರಡಕ್ಕೂ ತೆಳ್ಳನೆಯ ಪ್ಲಾಸ್ಟಿಕ್ ಸುತ್ತಿ. ಹೊಸ ಸೀಲ್ ಹಾಳಾಗುವುದು ಜಾಸ್ತಿ ಇಲ್ಲೇ, ಕೀ ತೋಡಿನ ಅಂಚು ತುಟಿಯನ್ನು ಬ್ಲೇಡಿನಂತೆ ಕೊಯ್ಯುತ್ತದೆ, ಹೊರಗಿಂದ ಕಾಣುವುದೂ ಇಲ್ಲ. ತುಟಿಗೆ ಗ್ರೀಸ್ ಸವರಿ. ಸೀಲಿನ ಸ್ಪ್ರಿಂಗ್ ಇರುವ ತೋಡಿನಲ್ಲೂ ಸ್ವಲ್ಪ ತುಂಬಿ, ತಟ್ಟುವಾಗ ಸ್ಪ್ರಿಂಗ್ ಹಾರುವುದಿಲ್ಲ. ಕೇಸನ್ನು ಹಾಟ್ ಗನ್ನಿನಲ್ಲಿ ಸುಮಾರು 80 ಡಿಗ್ರಿವರೆಗೆ ಕಾಯಿಸಿದರೆ ಅಲ್ಯೂಮಿನಿಯಂ ಹಿಗ್ಗಿ ಸೀಲ್ ಸಲೀಸಾಗಿ ಇಳಿಯುತ್ತದೆ. ಸುತ್ತಿಗೆಯನ್ನು ನೇರ ಸೀಲಿಗೆ ಬಡಿಯಬೇಡಿ. ಸೀಲಿನ ಹೊರ ಅಳತೆಗಿಂತ ಕೂದಲೆಳೆ ಚಿಕ್ಕದಾದ ಸಾಕೆಟ್ ಅಥವಾ ಪೈಪ್ ತುಂಡು ಇಟ್ಟು ಮೆಲ್ಲಗೆ ತಟ್ಟಿ. ವರ್ನಿಯರ್ ಇಟ್ಟು ನಾಲ್ಕು ಕಡೆ ಆಳ ನೋಡಿ, ಓರೆಯಾಗಿದ್ದರೆ ತೆಗೆದು ಇನ್ನೊಂದು ಹೊಸದು ಹಾಕಿ.

ಗಮ್ ಬಗ್ಗೆ: ಹೊರಮೈ ರಬ್ಬರ್ ಆಗಿದ್ದರೆ ಎಣ್ಣೆ ಸಾಕು. ಬರೀ ತಗಡಾಗಿದ್ದರೆ ಹೊರ ಅಂಚಿಗೆ ತೆಳುವಾಗಿ ಹಚ್ಚಬಹುದು. ತುಟಿಗೆ ಯಾವತ್ತೂ ಬೇಡ. ಮುಖ ಯಾವ ಕಡೆಗೆ ಅನ್ನುವುದಕ್ಕೆ ಪಾರ್ಟ್ಸ್ ಬುಕ್ಕಿನ ಚಿತ್ರವನ್ನೇ ನಂಬಿ. ಹಳೇ ಸೀಲ್ ಇದ್ದ ಹಾಗೇ ಅಂತ ಹೋಗಬೇಡಿ, ಹಿಂದೆ ಹಾಕಿದವರು ತಿರುಗಿಸಿ ಹಾಕಿರಬಹುದು.

ಇನ್ನೊಬ್ಬರು (ಹಾಸನದಿಂದ): ಸರ್, ಕಪ್ಪು ಸೀಲಾ, ಕಂದು ವೈಟಾನ್ ಸೀಲಾ?

ಉತ್ತರ: ಎರಡೂ ರಬ್ಬರಿನ ಜಾತಿಯೇ. ವೈಟಾನ್ ಸುಮಾರು 200 ಡಿಗ್ರಿವರೆಗೆ ತಡೆಯುತ್ತದೆ, ಕಪ್ಪು ನೈಟ್ರೈಲ್ ಸುಮಾರು 100. ಸಿಕ್ಕರೆ ವೈಟಾನ್ ಹಾಕಿ ಸರ್. ಆದರೆ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಕಂದು ಬಣ್ಣದ್ದೆಲ್ಲ ವೈಟಾನ್ ಅಲ್ಲ. ಗುರುತು ಓದಿ ತೆಗೆದುಕೊಳ್ಳಿ.

ಪ್ರಶ್ನೆ: ಅಣ್ಣಾ, ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಸ್ಟಾರ್ಟ್ ಮಾಡುವ ಮೊದಲೇ ಗೊತ್ತಾಗುತ್ತಾ?

ಉತ್ತರ: ಗೊತ್ತಾಗುತ್ತದೆ. ಹೆಡ್, ಪ್ಲಗ್ ಹಾಕಿ ಪಿಸ್ಟನ್ ಕೆಳಗೆ ತನ್ನಿ. ಕಾರ್ಬ್ಯುರೇಟರ್ ಬಾಯಿ ಮುಚ್ಚಿ. ಯೆಜ್ಡಿಗೆ ಸೈಲೆನ್ಸರ್ ಎರಡು, ಎರಡೂ ಬಾಯಿ ಮುಚ್ಚಬೇಕು. ಗೇಜ್ ಇರುವ ಕೈ ಪಂಪಿನಲ್ಲಿ 6 ಪಿಎಸ್‌ಐ ಗಾಳಿ ಕೊಟ್ಟು 6 ನಿಮಿಷ ನೋಡಿ. ಕಂಪ್ರೆಸರ್ ಬೇಡ, ಒತ್ತಡ ಜಾಸ್ತಿಯಾದರೆ ಸೀಲೇ ಹೊರಗೆ ಬರುತ್ತದೆ. ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಅಂತ ಹುಡುಕಿ. ಕ್ಲಚ್ ಕವರ್, ಡೈನಮೋ ಹಾಕುವ ಮುಂಚೆಯೇ ಇದನ್ನು ಮಾಡಿ, ಎರಡೂ ಸೀಲ್ ಕಣ್ಣಿಗೆ ಕಾಣುವ ಹಾಗಿರಲಿ. ಕ್ಲಚ್ ಕಡೆ ಗೆರೆಯ ಒಂದು ಫೋಟೋ ಇಲ್ಲಿ ಹಾಕಿ, ಕ್ರೋಮ್ ಬೇಕಾ ಬೇಡವಾ ನೋಡಿ ಹೇಳುತ್ತೇನೆ.