ಶನಿವಾರದ ರೇಸ್ ಕಾರ್ಡ್ ನೋಡಿ ಕುದುರೆ ಆರಿಸೋದು ಹೇಗೆ? ಮಾವನ ಜೊತೆ ಮೊದಲ್ನೇ ಸಲ ಹೋಗ್ತಿದೀನಿ

ಮಲ್ಲೇಶ್ವರ_ಎಂಟನೇಕ್ರಾಸ್

ಎಲ್ರಿಗೂ ನಮಸ್ಕಾರ. ನಮ್ಮ ಸೋದರಮಾವಂಗೆ ಈಗ 71, ನಲವತ್ತು ವರ್ಷದಿಂದ ರೇಸ್ ಕೋರ್ಸಿಗೆ ಹೋಗ್ತಿದ್ದೋರು, ಜೊತೆಗೆ ಹೋಗ್ತಿದ್ದ ಅವರ ಫ್ರೆಂಡ್ ಹೋದ್ವರ್ಷ ತೀರ್ಕೊಂಡ್ಮೇಲೆ ಆ ಕಡೆ ತಲೆ ಹಾಕೋದೇ ಬಿಟ್ಬಿಟ್ರು. ಈ ಶನಿವಾರ ನಾನೇ ಕರ್ಕೊಂಡ್ ಹೋಗ್ತೀನಿ ಅಂತ ಹೇಳಿದೀನಿ, ಅವತ್ತಿಂದ ದಿನಾ ಫೋನ್ ಮಾಡಿ ಕಾರ್ಡ್ (ಅವತ್ತಿನ ರೇಸ್, ಕುದುರೆಗಳ ಪಟ್ಟಿ) ಬಂತಾ ಅಂತ ಕೇಳ್ತಿದಾರೆ. ನಂಗೆ ಕುದುರೆ ಬಗ್ಗೆ ಏನೂ ಗೊತ್ತಿಲ್ಲ, ಆದ್ರೆ ಅವರ ಪಕ್ಕ ಸುಮ್ನೆ ಕೂತ್ಕೊಂಡು ಕಾಫಿ ಕುಡಿಯೋದಕ್ಕಿಂತ ಅವರು ಏನು ನೋಡ್ತಾರೆ ಅಂತ ಅರ್ಥ ಮಾಡ್ಕೋಬೇಕು ಅಂತ ಆಸೆ.

ಒಟ್ಟು ಎಂಟು ರೇಸ್ ಇದೆ. ನಾನು ಗಮನಿಸಿದ್ದು ಇಷ್ಟು. ಮೊದಲ್ನೇದು 1200 ಮೀಟರ್, 00-25 ಕ್ಲಾಸ್, ಹನ್ನೆರಡು ಕುದುರೆ. ಮೂರನೇದು ಇನ್ನೂ ಒಂದ್ಸಲಾನೂ ಗೆಲ್ಲದ ಮೂರು ವರ್ಷದ ಕುದುರೆಗಳದ್ದು, ಅದ್ರಲ್ಲಿ ಆರು ಇದುವರೆಗೂ ಓಡೇ ಇಲ್ಲ. ನಾಲ್ಕನೇದು 1400, 20-45 ಕ್ಲಾಸ್, ಇಲ್ಲಿ 1 ನಂಬರ್ ಹೋದ ಸಲ 1200ರಲ್ಲಿ 56 ಕೆಜಿ ಹೊತ್ಕೊಂಡು ಗೆದ್ದಿದೆ, ಈಗ 60 ಕೆಜಿ. ಅದೇ ರೇಸಲ್ಲಿ ಮೂರನೇದಾಗಿ ಬಂದಿದ್ದು ಈಗ 6 ನಂಬರ್, ಗೆದ್ದಿದ್ದಕ್ಕಿಂತ ನಾಲ್ಕು ಲೆಂಗ್ತ್ (ಒಂದು ಲೆಂಗ್ತ್ ಅಂದ್ರೆ ಒಂದು ಕುದುರೆ ಉದ್ದ) ಹಿಂದೆ ಇತ್ತು, ಅವತ್ತು 54 ಕೆಜಿ ಈಗ 53.5. ಆರನೇದು 1600, ಎಂಟೇ ಕುದುರೆ, ಆ ದಿನದ ದೊಡ್ಡ ರೇಸ್ ಅಂತೆ. ಕೊನೇದು 1400, ಹದಿನಾಲ್ಕು ಕುದುರೆ. ಆಫೀಸಲ್ಲಿ ಒಬ್ರು ನಾಲ್ಕನೇ ರೇಸಲ್ಲಿ 1 ನಂಬರ್ ಕಣ್ಮುಚ್ಕೊಂಡ್ ಹಾಕು ಅಂದ್ರು. ನಿಜಾನಾ? ಈ ಕೆಜಿ ಲೆಕ್ಕ ಏನು, ದಯವಿಟ್ಟು ಯಾರಾದ್ರೂ ಬಿಡಿಸಿ ಹೇಳಿ.

ಹಳೇ_ಪೆನ್ಸಿಲ್

ತಮ್ಮಾ, ಮಾವನ್ನ ಕರ್ಕೊಂಡ್ ಹೋಗ್ತಿರೋದು ಓದಿ ತುಂಬಾ ಖುಷಿ ಆಯ್ತು. ನಾನು 1988ರಿಂದ ಹೋಗ್ತಿದೀನಿ, ನಂಗೆ ತಿಳಿದಿದ್ದು ಹೇಳ್ತೀನಿ.

ಮೊದ್ಲು ಕೆಜಿ ಲೆಕ್ಕ. ಪ್ರತಿ ಕುದುರೆಗೂ ಹ್ಯಾಂಡಿಕ್ಯಾಪರ್, ಅಂದ್ರೆ ಯಾವ ಕುದುರೆ ಎಷ್ಟು ತೂಕ ಹೊರ್ಬೇಕು ಅಂತ ನಿಗದಿ ಮಾಡೋರು, ಒಂದು ರೇಟಿಂಗ್ ಕೊಟ್ಟಿರ್ತಾರೆ, ಗೆದ್ರೆ ಏರತ್ತೆ, ಸೋಲ್ತಾ ಹೋದ್ರೆ ಇಳಿಯತ್ತೆ. ನಮ್ಮಲ್ಲಿ ಒಂದು ಪಾಯಿಂಟ್ ಏರಿದ್ರೆ ಕುದುರೆ ಹೊರೋ ತೂಕ ಅರ್ಧ ಕೆಜಿ ಜಾಸ್ತಿ. ಅಂದ್ರೆ ನಿಮ್ಮ 1 ನಂಬರ್ 56ರಿಂದ 60ಕ್ಕೆ ಹೋಗಿದೆ ಅಂದ್ರೆ ಗೆದ್ದಿದ್ದಕ್ಕೆ ಎಂಟು ಪಾಯಿಂಟ್ ಹಾಕಿದಾರೆ, 6 ನಂಬರಿಗೆ ಒಂದು ಪಾಯಿಂಟ್ ಇಳಿಸಿದಾರೆ. ಅವತ್ತು ಇವೆರಡರ ಮಧ್ಯೆ ಎರಡು ಕೆಜಿ ವ್ಯತ್ಯಾಸ ಇತ್ತು, ಈಗ ಆರೂವರೆ. ನಾಲ್ಕೂವರೆ ಕೆಜಿ 6 ನಂಬರ್ ಕಡೆ ತಿರುಗಿದೆ. ನಾನು ಒಂದೂವರೆ ಕೆಜಿಗೆ ಒಂದು ಲೆಂಗ್ತ್ ಅಂತ ಇಟ್ಕೋತೀನಿ, ಇದು ಅಂದಾಜಿನ ಲೆಕ್ಕ, ಕಲ್ಲಿನ ಮೇಲೆ ಬರೆದಿದ್ದಲ್ಲ. ಹಂಗೆ ನೋಡಿದ್ರೆ ನಾಲ್ಕು ಲೆಂಗ್ತಲ್ಲಿ ಮೂರು ಅಲ್ಲೇ ಕರಗೋಯ್ತು, ಉಳಿದಿದ್ದು ಒಂದೇ. ಮೇಲೆ ಇನ್ನೂರು ಮೀಟರ್ ಜಾಸ್ತಿ ಬೇರೆ ಇದೆ. 6 ನಂಬರ್ ಅವತ್ತು ಹಿಂದಿಂದ ಓಡಿ ಬಂದು ಮೂರನೇದಾಗಿದ್ರೆ ಆ ಇನ್ನೂರು ಮೀಟರ್ ಅದಕ್ಕೆ ವರ. ಮುಂದೇ ಇದ್ದು ಕೊನೇಲಿ ಸುಸ್ತಾಗಿ ಮೂರನೇದಾಗಿದ್ರೆ ಈ ಲೆಕ್ಕ ಎಲ್ಲಾ ಬಿಟ್ಬಿಡಿ. ಅದಕ್ಕೇ ಹಿಂದಿನ ರೇಸಿನ ವಿಡಿಯೋ ನೋಡ್ದೇ ಯಾವ್ದನ್ನೂ ಹೇಳ್ಬಾರ್ದು.

ಮೊದಲ್ನೇ ರೇಸ್ ಬಿಡಿ. 00-25 ಅಂದ್ರೆ ರೇಟಿಂಗ್ 25ರ ಒಳಗಿನವು, ಅಲ್ಲಿ ಇರೋವೆಲ್ಲಾ ಗೆಲ್ಲೋದು ಮರೆತ ಕುದುರೆಗಳು, ಇವತ್ತು ಮೂರನೇದು ಬಂದಿದ್ದು ನಾಳೆ ಒಂಬತ್ತನೇದು. ಮೂರನೇ ರೇಸಲ್ಲಿ ಆರು ಕುದುರೆ ಓಡೇ ಇಲ್ಲ ಅಂದ್ರೆ ಅರ್ಧ ಪರೀಕ್ಷೆ ಪೇಪರ್ ಖಾಲಿ ಇದ್ದಂಗೆ, ಅಲ್ಲಿ ದುಡ್ಡು ಹಾಕ್ಬೇಡಿ, ಆದ್ರೆ ಪ್ಯಾಡಾಕ್ (ರೇಸಿಗೆ ಮುಂಚೆ ಕುದುರೆಗಳನ್ನ ನಡೆಸಿ ತೋರಿಸೋ ಜಾಗ) ಹತ್ರ ನಿಂತು ನೋಡಿ, ಮುಂದಿನ ತಿಂಗಳಿಗೆ ಬೇಕಾಗತ್ತೆ. ಕೊನೇ ರೇಸ್ ಅಂತೂ ಬೇಡವೇ ಬೇಡ, ಸಾಯಂಕಾಲದ ಹೊತ್ತಿಗೆ ಕಳ್ಕೊಂಡೋರೆಲ್ಲಾ ವಾಪಸ್ ಎತ್ತೋಣ ಅಂತ ಅದ್ರ ಮೇಲೇ ಸುರೀತಾರೆ, ಹದಿನಾಲ್ಕು ಕುದುರೆ ತಿರುವಲ್ಲಿ ಒಂದ್ರ ಮೇಲೊಂದು ಬಿದ್ದಂಗೆ ಬರ್ತಾ ಇರುತ್ವೆ, ಒಳ್ಳೇ ಕುದುರೆಗೂ ದಾರಿ ಸಿಗಲ್ಲ.

ಆರನೇ ರೇಸಲ್ಲಿ ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಮುಂದೆ ಹೋಗೋರು ಯಾರು? ಎಂಟರಲ್ಲಿ ಮೂರು ಕುದುರೆ ಯಾವಾಗ್ಲೂ ಲೀಡ್ ತಗೊಳ್ಳೋವಾದ್ರೆ ಅವು ಒಂದನ್ನೊಂದು ಸುಡ್ತವೆ, ಕೊನೇ ಇನ್ನೂರು ಮೀಟರಲ್ಲಿ ಹಿಂದೆ ಕಾಯ್ಕೊಂಡಿದ್ದದ್ದು ಎದ್ದು ಬರತ್ತೆ. ಒಂದೇ ಕುದುರೆ ಲೀಡ್ ತಗೊಳ್ಳೋದಿದ್ರೆ ಅದು ನಿಧಾನಕ್ಕೆ ಓಡ್ಕೊಂಡ್ ಹೋಗಿ ರೇಸನ್ನೇ ಕದ್ಬಿಡತ್ತೆ. ರೇಸ್ ಬುಕ್ಕಲ್ಲಿ ಹಿಂದಿನ ಓಟದ ವಿವರ ಇರತ್ತೆ, ಮಾವ ಪೆನ್ಸಿಲಲ್ಲಿ ಗುರುತು ಹಾಕೋದು ಅದನ್ನೇ ಇರ್ಬೇಕು.

ಕುಣಿಗಲ್_ಹೈದ

ಪೆನ್ಸಿಲ್ ಸಾರ್ ಹೇಳಿದ್ದು ಸರಿ, ಆದ್ರೆ ಒಂದು ಮಾತು. ನಾನು ಆರು ವರ್ಷ ಸೈಸ್ (ಕುದುರೆ ನೋಡ್ಕೊಳ್ಳೋನು) ಆಗಿದ್ದೆ, ನಮ್ಮೂರು ಕುಣಿಗಲ್ ಸ್ಟಡ್ ಫಾರ್ಮ್ ಪಕ್ಕದಲ್ಲೇ, ಕುದುರೆ ಜೊತೇಲೇ ಬೆಳೆದೋನು. ಲೆಂಗ್ತ್ ಲೆಕ್ಕ ಪೇಪರ್ ಮೇಲೆ ಚೆನ್ನಾಗಿರತ್ತೆ, ಆದ್ರೆ ಗೆದ್ದ ಕುದುರೇನ ಜಾಕಿ ಕೊನೇ ನೂರು ಮೀಟರಲ್ಲಿ ಕೈ ಬಿಟ್ಟು ಆರಾಮಾಗಿ ತಂದಿದ್ರೆ ಆ ನಾಲ್ಕು ಲೆಂಗ್ತ್ ಅಸಲಿಗೆ ಆರು ಏಳು ಇರ್ಬಹುದಿತ್ತು. ಅವಾಗ ನಾಲ್ಕು ಕೆಜಿ ಹಾಕಿದ್ರೂ 1 ನಂಬರೇ ಮೇಲು. ವಿಡಿಯೋದಲ್ಲಿ ಜಾಕಿ ಕೈ ನೋಡಿ, ಚಾಟಿ ಎತ್ತಿದಾನಾ ಇಲ್ವಾ ಅಂತ ನೋಡಿ.

ಇನ್ನೊಂದು, ಟ್ರ್ಯಾಕ್ ವರ್ಕ್ (ಕುದುರೆ ಪ್ರಾಕ್ಟೀಸ್ ಓಟದ ಟೈಮು) ಪೇಪರಲ್ಲಿ ಬರತ್ತಲ್ಲ, ಅದನ್ನ ಓದೋವಾಗ ಇನ್ನರ್ ಸ್ಯಾಂಡಾ ಔಟರ್ ಸ್ಯಾಂಡಾ, ಅಂದ್ರೆ ಒಳಗಿನ ಮರಳು ಟ್ರ್ಯಾಕಾ ಹೊರಗಿನದಾ ಅಂತ ನೋಡ್ಕೊಳ್ಳಿ. ಇನ್ನರಲ್ಲಿ ಕೊನೇ 600 ಮೀಟರ್ 39 ಸೆಕೆಂಡಿಗೆ ಬಂದ್ರೆ ಅದೇನು ದೊಡ್ಡ ವಿಷಯ ಅಲ್ಲ, ಔಟರಲ್ಲಿ 42ಕ್ಕೆ ಜೋರು ಮಾಡ್ದೇ ಬಂದ್ರೆ ಆ ಕುದುರೆ ಮೈ ಕೈ ತುಂಬಿಕೊಂಡಿದೆ ಅಂತ. ಎರಡನ್ನೂ ಒಂದೇ ತಕ್ಕಡೀಲಿ ತೂಗೋದು ಎಲ್ರೂ ಮಾಡೋ ತಪ್ಪು.

ಪ್ಯಾಡಾಕಲ್ಲಿ ಏನು ನೋಡ್ಬೇಕು ಅಂದ್ರೆ, ಹಿಂದಿನ ಕಾಲುಗಳ ಸಂದು ನೋಡಿ, ಅಲ್ಲಿ ಬಿಳೀ ನೊರೆ ಕಟ್ಟಿದ್ರೆ ಕುದುರೆ ಸ್ಟಾರ್ಟಿಂಗ್ ಗೇಟಿಗೆ ಹೋಗೋ ಮುಂಚೇನೇ ಅರ್ಧ ಶಕ್ತಿ ಖಾಲಿ ಮಾಡ್ಕೋತಿದೆ. ಬಿಸಿಲಿಗೆ ಕತ್ತಿನ ಮೇಲೆ ಸ್ವಲ್ಪ ಬೆವರಿದ್ರೆ ಪರವಾಗಿಲ್ಲ. ಕಿವಿ ಮುಂದಕ್ಕೆ ಇಟ್ಕೊಂಡು ತಲೆ ತಗ್ಗಿಸಿ ಉದ್ದುದ್ದ ಹೆಜ್ಜೆ ಹಾಕ್ತಿದ್ರೆ, ಸೈಸ್ ಕೈಲಿ ಹಗ್ಗ ಸಡಿಲ ಇದ್ರೆ, ಅದು ಮನೇಲಿ ಇದ್ದಂಗೆ ಇದೆ ಅಂತ ಅರ್ಥ. ನಾನು ನೋಡ್ಕೋತಿದ್ದ ಒಂದು ಹೆಣ್ಣು ಕುದುರೆ ಗೆಲ್ಲೋ ದಿನ ಬೆಳಿಗ್ಗೆ ಹುಲ್ಲು ಪೂರ್ತಿ ತಿಂದು ಬಕೆಟ್ ಮೂತೀಲಿ ತಳ್ಳೋದು, ಸೋಲೋ ದಿನ ಅರ್ಧ ಬಿಟ್ಟಿರೋದು. ಅದು ನಂಗೆ ಗೊತ್ತಿರ್ತಿತ್ತು, ಸ್ಟ್ಯಾಂಡಲ್ಲಿ ಕೂತೋರಿಗೆ ಗೊತ್ತಾಗೋದು ಈ ಪ್ಯಾಡಾಕ್ ಹತ್ತು ನಿಮಿಷದಲ್ಲಿ ಮಾತ್ರ. ಅದನ್ನ ತಪ್ಪಿಸ್ಬೇಡಿ.

ರಾಜಾಜಿನಗರ_ಲಕ್ಷ್ಮಿ

ಎಲ್ರೂ ಚೆನ್ನಾಗಿ ಹೇಳ್ತಿದೀರ, ಆದ್ರೆ ನಮ್ಮನೆ ಕಥೆ ಹೇಳ್ದೇ ಇರಕ್ಕಾಗಲ್ಲ. ನಮ್ಮ ಯಜಮಾನ್ರು ಫೋನಲ್ಲಿ ಟಿಪ್ಸ್ ಕೊಡೋನ ಮಾತು ಕೇಳಿ ಒಂದು ಸೀಸನ್ನಲ್ಲಿ ಸ್ಕೂಟರ್ ಮಾರೋ ಹಂಗಾಯ್ತು. ಆತ ನೂರು ಜನಕ್ಕೆ ಒಂದೊಂದು ಕುದುರೆ ಹೇಳೋನು, ಗೆದ್ದೋರ ಹತ್ರ ಕಮಿಷನ್ ಕೇಳೋನು, ಸೋತೋರ ಫೋನ್ ಎತ್ತಲ್ಲ. ಆಫೀಸಲ್ಲಿ ಕಣ್ಮುಚ್ಕೊಂಡ್ ಹಾಕು ಅಂದಿದಾರಲ್ಲ, ಆ ಮಾತನ್ನ ಅಲ್ಲೇ ಬಿಡಿ. ನನ್ನ ಪ್ರಕಾರ ಇದು ಜೂಜೇ. ಹೋಗಿ, ಮಾವನ್ನ ಖುಷಿಯಾಗಿಡಿ, ಎಷ್ಟು ಹೋದ್ರೂ ಬೇಜಾರಿಲ್ಲ ಅನ್ನೋವಷ್ಟು ದುಡ್ಡು ಮಾತ್ರ ಜೇಬಲ್ಲಿ ಇಟ್ಕೊಂಡು ಬ್ಯಾಂಕ್ ಕಾರ್ಡ್, ಫೋನ್ ಪೇ ಎಲ್ಲಾ ಮನೇಲಿ ಬಿಟ್ಟು ಹೋಗಿ.

ಹಳೇ_ಪೆನ್ಸಿಲ್

ಲಕ್ಷ್ಮಮ್ಮ, ನಿಮ್ಮನೇಲಿ ಆಗಿದ್ದು ಕೇಳಿ ಬೇಜಾರಾಯ್ತು, ಟಿಪ್ಸ್ ಮಾರೋರ ಬಗ್ಗೆ ನೀವು ಹೇಳಿದ್ದು ಅಕ್ಷರಶಃ ನಿಜ. ಜೂಜು ಅನ್ನೋದಕ್ಕೆ ಮಾತ್ರ ಒಂದು ಹೇಳ್ತೀನಿ, 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟ ಅಂತಾನೇ ತೀರ್ಪು ಕೊಟ್ಟಿದೆ, ಡಾ. ಕೆ.ಆರ್. ಲಕ್ಷ್ಮಣನ್ ಕೇಸಲ್ಲಿ. ಆದ್ರೆ ಕೌಶಲ ಇದ್ರೂ ದುಡ್ಡು ಉಳಿಯೋದು ಕಷ್ಟ ಅನ್ನೋದನ್ನ ಒಪ್ಕೋತೀನಿ. ಬೆಟ್ಟಿಂಗ್ ಮೇಲಿನ ಜಿಎಸ್‌ಟಿ 28 ಪರ್ಸೆಂಟ್ ಇದ್ದಿದ್ದು 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ. ಅದ್ರ ಮೇಲೆ ಒಂದು ಟಿಕೆಟ್ಟಲ್ಲಿ ಗೆದ್ದಿದ್ದು ಹತ್ತು ಸಾವಿರ ದಾಟಿದ್ರೆ 30 ಪರ್ಸೆಂಟ್ ಟಿಡಿಎಸ್ ಹಿಡ್ಕೋತಾರೆ. ಇಷ್ಟು ಹೋಗೋವಾಗ ಎಂಟು ರೇಸಲ್ಲಿ ಎಂಟೂ ಆಡೋನು ಉಳಿಯಲ್ಲ. ಅದಕ್ಕೇ ನಾನು ಎರಡೇ ರೇಸ್ ಆಡೋದು, ಉಳಿದ ಆರು ನೋಡೋದು. ಫೇವರಿಟ್ ಎಷ್ಟೇ ಒಳ್ಳೇದಿದ್ರೂ ನೂರು ಹಾಕಿದ್ರೆ ನೂರಾ ಮೂವತ್ತು ಕೊಡೋ ಕುದುರೆ ಮುಟ್ಟಲ್ಲ, ಅದು ಗೆಲ್ಲಲ್ಲ ಅಂತಲ್ಲ, ಮೂರು ಸಲ ಗೆದ್ದು ಬಂದಿದ್ದು ಒಂದ್ಸಲ ಸೋತ್ರೆ ಹೊರಟೋಗತ್ತೆ.

ಕುಣಿಗಲ್ ತಮ್ಮ ಹೇಳಿದ ಮೇಲೆ ನಾನು ಆ ಹಳೇ ರೇಸಿನ ವಿಡಿಯೋ ಎರಡ್ಸಲ ನೋಡ್ದೆ. 1 ನಂಬರಿನ ಜಾಕಿ ಕೊನೇವರೆಗೂ ತಳ್ಕೊಂಡೇ ಬಂದಿದಾನೆ, ಆರಾಮಾಗಿ ಏನೂ ಗೆದ್ದಿಲ್ಲ. 6 ನಂಬರ್ ತಿರುವಲ್ಲಿ ಹೊರಗಡೆ ಹೋಗಿ ಎಂಟನೇದಾಗಿದ್ದು ಕೊನೇಲಿ ಐದು ಕುದುರೆ ದಾಟಿ ಬಂದಿದೆ. ಹಂಗಾಗಿ ನಾಲ್ಕನೇ ರೇಸಲ್ಲಿ ನನ್ನ ಓಟು 6ಕ್ಕೆ, ವಿನ್ (ಗೆದ್ರೆ ಮಾತ್ರ ದುಡ್ಡು) ಜೊತೆ ಪ್ಲೇಸ್ (ಮೊದಲ ಕೆಲವು ಸ್ಥಾನದಲ್ಲಿ ಬಂದ್ರೂ ದುಡ್ಡು) ಕೂಡ. ಒಂದು ಷರತ್ತು, ಶುಕ್ರವಾರ ರಾತ್ರಿ ಜೋರು ಮಳೆ ಬಂದ್ರೆ ಪೆನೆಟ್ರೋಮೀಟರ್ (ನೆಲ ಎಷ್ಟು ಮೆತ್ತಗಿದೆ ಅಂತ ಅಳೆಯೋದು) ರೀಡಿಂಗ್ ಕೇಳ್ಕೊಳ್ಳಿ, ಫಾಲ್ಸ್ ರೇಲ್ (ಟ್ರ್ಯಾಕ್ ಒಳಬದಿಗೆ ಹಾಕೋ ತಾತ್ಕಾಲಿಕ ಬೇಲಿ) ಎಲ್ಲಿ ಹಾಕಿದಾರೆ ಅಂತಾನೂ ನೋಡಿ. ನೆಲ ಮೆತ್ತಗಿದ್ರೆ ಹಿಂದಿಂದ ಬರೋ ಕುದುರೆಗೆ ಕಾಲು ಹಿಡಿಯತ್ತೆ, ಮುಂದಿನ ಕುದುರೆಗಳು ಎಸೆಯೋ ಮಣ್ಣೆಲ್ಲಾ ಮುಖಕ್ಕೇ ಬರತ್ತೆ.

ಮಲ್ಲೇಶ್ವರ_ಎಂಟನೇಕ್ರಾಸ್

ಹೋಗಿ ಬಂದ್ವಿ. ಎಲ್ರಿಗೂ ತುಂಬಾ ಥ್ಯಾಂಕ್ಸ್, ಲಕ್ಷ್ಮಿ ಅಕ್ಕಂಗೆ ಸ್ಪೆಷಲ್ಲಾಗಿ, ಸಾವಿರ ರೂಪಾಯಿ ಮಾತ್ರ ತಗೊಂಡ್ ಹೋಗಿದ್ದೆ.

ಶುಕ್ರವಾರ ರಾತ್ರಿ ಸಣ್ಣದಾಗಿ ಹನಿ ಬಿತ್ತು ಅಷ್ಟೆ. ಮೆಜೆಸ್ಟಿಕ್ಕಿಂದ ನಡ್ಕೊಂಡೇ ಹೋದ್ವಿ, ಆನಂದರಾವ್ ಸರ್ಕಲ್ ದಾಟೋ ಹೊತ್ತಿಗೆ ಮಾವ ನಂಗಿಂತ ಮುಂದೆ ಇದ್ರು. ಮೊದಲ ಮೂರು ರೇಸ್ ಟಿಕೆಟ್ ತಗೊಳ್ಲಿಲ್ಲ, ಪ್ಯಾಡಾಕ್ ಕಂಬಿ ಹಿಡ್ಕೊಂಡು ನಿಂತಿದ್ವಿ. ನಾಲ್ಕನೇ ರೇಸಿಗೆ 1 ನಂಬರ್ ಬಂತು, ಕುಣಿಗಲ್ ಅಣ್ಣ ಹೇಳಿದ ಜಾಗದಲ್ಲೇ ಹಿಂದಿನ ಕಾಲ ಮಧ್ಯೆ ಸೋಪು ಹಚ್ಚಿದಂಗೆ ನೊರೆ, ಸೈಸ್ ಎರಡೂ ಕೈಯಲ್ಲಿ ಹಿಡ್ಕೊಂಡು ಎಳೀತಿದ್ದ. ನಾನು ಮಾವಂಗೆ ತೋರಿಸೋಕೆ ಮುಂಚೆನೇ ಅವರು ಬುಕ್ಕಲ್ಲಿ ಅದ್ರ ಮೇಲೆ ಗೀಟು ಹಾಕಿಬಿಟ್ಟಿದ್ರು. 6 ನಂಬರ್ ಸುಮ್ನೆ ಸುತ್ತಾಡ್ಕೊಂಡು ಬಂತು. ಅದಕ್ಕೇ ಇನ್ನೂರು ವಿನ್, ಇನ್ನೂರು ಪ್ಲೇಸ್ ಹಾಕಿದ್ವಿ. ಗೆದ್ದಿದ್ದು ಇಲ್ಲಿ ಯಾರೂ ಹೆಸ್ರೇ ಎತ್ತದ 4 ನಂಬರ್. 6 ನಂಬರ್ ಕೊನೇ ಗಳಿಗೇಲಿ ಬಂದು ತಲೆ ಅಂತರದಲ್ಲಿ ಎರಡನೇದು, 1 ನಂಬರ್ ನಾಲ್ಕನೇದು. ವಿನ್ ಟಿಕೆಟ್ ಹೋಯ್ತು, ಪ್ಲೇಸ್ ದುಡ್ಡು ಬಂತು, ಒಟ್ಟು ಸೇರಿಸಿದ್ರೆ ಸ್ವಲ್ಪ ಕೈ ಬಿಟ್ಟಿದ್ದೇ.

ಆರನೇ ರೇಸಲ್ಲಿ ಮೂರು ಕುದುರೆ ನಿಜವಾಗ್ಲೂ ಮುಂದೆ ಜಗಳ ಆಡ್ಕೊಂಡು ಹೋದ್ವು, ಮಾವ ನನ್ನ ತೋಳು ಹಿಡ್ಕೊಂಡು "ಈಗ ನೋಡು, ಈಗ ನೋಡು" ಅಂತಿದ್ರು, ನಾವು ಹಾಕಿದ್ದು ಆರನೇ ಜಾಗದಿಂದ ಹೊರಗಡೆಯಿಂದ ಬಂದು ಅರ್ಧ ಲೆಂಗ್ತಲ್ಲಿ ಗೆಲ್ತು. ಅವರ ಕೂಗಿಗೆ ಪಕ್ಕದೋರೆಲ್ಲಾ ತಿರುಗಿ ನೋಡಿದ್ರು. ಕೊನೇ ರೇಸಿಗೆ ನಿಲ್ಲಲಿಲ್ಲ. ಗೇಟ್ ಹತ್ರ ಬರೋವಾಗ ತೀರ್ಕೊಂಡ ಫ್ರೆಂಡ್ ಹೆಸ್ರು ಹೇಳಿ, ಅವನು ಯಾವಾಗ್ಲೂ ಹೊರಗಡೆಯಿಂದ ಬರೋ ಕುದುರೇನೇ ಹುಡುಕೋನು ಅಂದ್ರು, ರೇಸ್ ಬುಕ್ ಮಡಿಸಿ ಶರ್ಟ್ ಜೇಬಿಗೆ ಇಟ್ಕೊಂಡ್ರು.

ಪೆನ್ಸಿಲ್ ಸಾರ್, ಮುಂದಿನ ಶನಿವಾರದ ಕಾರ್ಡ್ ಯಾವಾಗ ಬರತ್ತೆ? ಮಾವ ಆಗಲೇ ಕೇಳಿದ್ರು.