ರೈಜನ್ 5 5600 ಓವರ್‌ಕ್ಲಾಕ್ ಮಾಡ್ಬೇಕು, ದಾವಣಗೆರೆ ಬಿಸಿಲಿಗೆ ತಡಿಯುತ್ತಾ?

ನಿಟ್ಟುವಳ್ಳಿ_ಎಡಿಟರ್:
ಎಲ್ರಿಗೂ ನಮಸ್ಕಾರ. ನಂದು ಎಎಮ್‌ಡಿ ರೈಜನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಕೂಲರ್ ಪ್ರೊಸೆಸರ್ ಬಾಕ್ಸಲ್ಲಿ ಬಂದಿದ್ದೇ. ಮದುವೆ ವಿಡಿಯೋ ಎಡಿಟಿಂಗ್ ಕೆಲ್ಸ, ಸೀಸನ್ನಲ್ಲಿ ಎಕ್ಸ್‌ಪೋರ್ಟ್ ಬೇಗ ಆದ್ರೆ ಸಾಕಾಗಿದೆ, ಅದಕ್ಕೇ ಓವರ್‌ಕ್ಲಾಕ್, ಅಂದ್ರೆ ಕಂಪನಿ ಇಟ್ಟಿದ್ದಕ್ಕಿಂತ ಪ್ರೊಸೆಸರ್ ಸ್ಪೀಡ್ ಏರ್ಸೋ ಯೋಚನೆ. ರೂಮ್ ಮೇಲ್ಮಹಡೀಲಿದೆ, ನೆತ್ತಿ ಮೇಲೇ ತಾರಸಿ, ಏಪ್ರಿಲ್ ಮಧ್ಯಾಹ್ನ ಒಳಗೇ 36 ಡಿಗ್ರಿ ಇರುತ್ತೆ, ಎಕ್ಸ್‌ಪೋರ್ಟ್ ಹಾಕಿದ್ರೆ ಪ್ರೊಸೆಸರ್ 88 ಮುಟ್ಟುತ್ತೆ. ಒಂದು ವಿಡಿಯೋದಲ್ಲಿ 1.4 ವೋಲ್ಟ್ ಕೊಟ್ಟು 4.7 ಗಿಗಾಹರ್ಟ್ಸ್‌ಗೆ ಲಾಕ್ ಮಾಡಿ ಅಂದ್ರು. ಮಾಡ್ಲಾ?

ದುರ್ಗದ_ಹುಡುಗ:
ಬೇಡ ಗುರು, 1.4 ಮಾತ್ರ ಬೇಡ. ಬಿಸಿ ಏರೋದು ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ, 1.2 ಇಂದ 1.4 ಗೆ ಹೋದ್ರೆ ಅದೇ ಸ್ಪೀಡಲ್ಲೇ ಸುಮಾರು 36 ಪರ್ಸೆಂಟ್ ಜಾಸ್ತಿ ಶಾಖ, ಸ್ಪೀಡ್ ಏರ್ಸಿದ್ದು ಅದರ ಮೇಲೆ ಬೇರೆ. ಈ ಚಿಪ್ಪಿಗೆ 90 ಡಿಗ್ರಿ ಮಿತಿ, ನೀವು ಈಗ್ಲೇ ಅದರ ಹೊಸ್ತಿಲಲ್ಲಿದೀರಿ, ಮಿತಿ ಮುಟ್ಟಿದ್ರೆ ಅದು ತಾನೇ ಸ್ಪೀಡ್ ಇಳಿಸುತ್ತೆ, ಅಂದ್ರೆ ಕಷ್ಟಪಟ್ಟು ಏರ್ಸಿದ್ದು ಕೈಗೆ ಸಿಗೋದೇ ಇಲ್ಲ. ಆ ವಿಡಿಯೋ ಮಾಡಿದೋರು ಎಸಿ ರೂಮಲ್ಲಿ ಕೂತಿರ್ತಾರೆ, ಕೂಲರ್ ಎಷ್ಟೇ ದೊಡ್ಡದಿರ್ಲಿ ರೂಮಿನ ಗಾಳಿಗಿಂತ ತಣ್ಣಗೆ ಮಾಡೋಕಾಗಲ್ಲ.

ಮೊದ್ಲು ಟವರ್ ಕೂಲರ್ (ಎತ್ತರದ, ದೊಡ್ಡ ಕೂಲರ್) ಹಾಕ್ಸಿ. ಆಮೇಲೆ ಬಯಾಸಲ್ಲಿ (ಮದರ್‌ಬೋರ್ಡ್ ಸೆಟ್ಟಿಂಗ್ಸ್) ಪಿಬಿಒ, ಅಂದ್ರೆ ಎಎಮ್‌ಡಿಯ ಸ್ಪೀಡ್ ಏರ್ಸೋ ಸೌಲಭ್ಯದ ಒಳಗಡೆ ಕರ್ವ್ ಆಪ್ಟಿಮೈಸರ್ ಅಂತ ಇರುತ್ತೆ (ಕಾಣ್ಲಿಲ್ಲ ಅಂದ್ರೆ ಬಯಾಸ್ ಅಪ್ಡೇಟ್ ಬೇಕು), ಅದರಲ್ಲಿ ಎಲ್ಲಾ ಕೋರ್‌ಗೂ (ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಘಟಕಗಳು) ನೆಗೆಟಿವ್ 10 ಕೊಟ್ಟು ನೋಡಿ. ವೋಲ್ಟೇಜ್ ಕಮ್ಮಿ ಆಗುತ್ತೆ, ಬಿಸಿ ಇಳಿಯುತ್ತೆ, ಮಿತಿವರೆಗೆ ಉಳಿದ ಜಾಗದಲ್ಲಿ ಪ್ರೊಸೆಸರ್ ತಾನೇ ಸ್ಪೀಡ್ ಏರ್ಸ್ಕೊಳ್ಳುತ್ತೆ. ನಿಮ್ಮ ಕೆಲ್ಸಕ್ಕೆ ನನ್ನ ಪ್ರಕಾರ ಇದೇ ಸರಿಯಾದ ಓವರ್‌ಕ್ಲಾಕಿಂಗ್.

ನಿಟ್ಟುವಳ್ಳಿ_ಎಡಿಟರ್:
ಥ್ಯಾಂಕ್ಸ್ ಅಣ್ಣ. ಸಿನಿಬೆಂಚ್ (ಪ್ರೊಸೆಸರ್‌ಗೆ ಭಾರ ಹಾಕೋ ಟೆಸ್ಟ್) ಹತ್ತು ನಿಮಿಷ ಓಡಿದ್ರೆ ಸ್ಟೇಬಲ್ ಅನ್ಕೋಬಹುದಾ?

ದುರ್ಗದ_ಹುಡುಗ:
ಸಾಲಲ್ಲ. ನೆಗೆಟಿವ್ ಜಾಸ್ತಿ ಕೊಟ್ರೆ ಭಾರದ ಕೆಲ್ಸದಲ್ಲಿ ಏನೂ ಆಗಲ್ಲ, ಸುಮ್ನೆ ಬ್ರೌಸರ್ ತೆಗೆದಿಟ್ಟಾಗ ರೀಸ್ಟಾರ್ಟ್ ಹೊಡಿಯುತ್ತೆ. ಕೋರ್‌ಸೈಕ್ಲರ್ ಅನ್ನೋ ಟೆಸ್ಟ್ ಸಾಫ್ಟ್‌ವೇರ್ ರಾತ್ರಿ ಪೂರ್ತಿ ಬಿಡಿ, ಒಂದೊಂದೇ ಕೋರ್ ಪರೀಕ್ಷೆ ಮಾಡುತ್ತೆ. ವಿಂಡೋಸ್ ಇವೆಂಟ್ ವ್ಯೂವರಲ್ಲಿ ಡಬ್ಲ್ಯೂಎಚ್‌ಇಎ ಎರರ್ (ಹಾರ್ಡ್‌ವೇರ್ ತಪ್ಪಿನ ದಾಖಲೆ) ಬಂದಿದ್ರೆ ಆ ಕೋರ್‌ಗೆ ನೆಗೆಟಿವ್ 10 ಇದ್ದಿದ್ದು ನೆಗೆಟಿವ್ 5 ಮಾಡಿ. ಗಿರಾಕಿ ಫೂಟೇಜ್ ಬೇರೆ ಡಿಸ್ಕಲ್ಲಿ ಕಾಪಿ ಇಟ್ಕೊಂಡೇ ಇದೆಲ್ಲ ಶುರು ಮಾಡಿ. ಇನ್ನೊಂದು, ಪಿಬಿಒ ಇಂದ ಚಿಪ್ ಹಾಳಾದ್ರೆ ವಾರಂಟಿ ಬರಲ್ಲ ಅಂತ ಎಎಮ್‌ಡಿನೇ ಹೇಳುತ್ತೆ, ಗೊತ್ತಿರ್ಲಿ.

ಮಂಡಿಪೇಟೆ_ಸಿಸ್ಟಮ್ಸ್:
ಸರ್, ಹಳೇ ಕೂಲರ್ ಬಿಚ್ಚುವಾಗ ಹುಷಾರು. ಎಎಮ್4 ಸಾಕೆಟಲ್ಲಿ (ನಿಮ್ಮ ಪ್ರೊಸೆಸರ್ ಕೂರೋ ಜಾಗ) ಪ್ರೊಸೆಸರ್‌ಗೂ ಕೂಲರ್‌ಗೂ ಮಧ್ಯ ಹಚ್ಚಿರೋ ಪೇಸ್ಟ್ ಒಣಗಿದ್ರೆ ಕೂಲರ್ ಜೊತೆ ಪ್ರೊಸೆಸರೂ ಕಿತ್ಕೊಂಡು ಬರುತ್ತೆ, ಪಿನ್ ಬಗ್ಗುತ್ತೆ. ಬಿಚ್ಚೋ ಮುಂಚೆ ಒಂದು ಎಕ್ಸ್‌ಪೋರ್ಟ್ ಹಾಕಿ ಬಿಸಿ ಮಾಡಿ, ಆಫ್ ಮಾಡಿ ವೈರ್ ತೆಗೀರಿ, ಸ್ಕ್ರೂ ಬಿಚ್ಚಿ ಕೂಲರ್ನ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸ್ತಾ ಬಿಡಿಸಿ, ಮೇಲಕ್ಕೆ ಎಳೀಲೇಬೇಡಿ. ಹೊಸ ಪೇಸ್ಟ್ ಒಂದು ಕಡ್ಲೆಕಾಳಿನಷ್ಟು ಸಾಕು.

ಧೂಳು ಮರೀಬೇಡಿ. ಮಂಡಕ್ಕಿ ಭಟ್ಟಿ, ರೈಸ್ ಮಿಲ್ ಕಡೆಯಿಂದ ನಮ್ಮಲ್ಲಿಗೆ ಬರೋ ಸಿಸ್ಟಮ್‌ಗಳಲ್ಲಿ ಕೂಲರ್ ರೆಕ್ಕೆ ಮಧ್ಯ ಬೂದಿ ಬಣ್ಣದ ಪದರ ಕಂಬ್ಳಿ ಥರ ಕೂತಿರುತ್ತೆ, ಫ್ಯಾನ್ ತಿರುಗ್ತಿದ್ರೂ ಗಾಳಿ ಆಚೆ ಬರಲ್ಲ. ಬ್ಲೋವರ್ ಹಿಡಿಯೋವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಒತ್ಕೊಂಡಿರಿ, ಇಲ್ಲಾಂದ್ರೆ ಜೋರಾಗಿ ತಿರುಗಿ ಬೇರಿಂಗ್ ಹೋಗುತ್ತೆ. ಮುಂದಿನ ಫ್ಯಾನ್ ಗಾಳಿ ಒಳಗೆ, ಹಿಂದಿನದು ಹೊರಗೆ.

ನಿಟ್ಟುವಳ್ಳಿ_ಎಡಿಟರ್:
ಭಾಳ ಉಪಕಾರ ಆಯ್ತು ಇಬ್ರಿಗೂ. ಸಿಪಿಯು ಈಗ ಟೇಬಲ್ ಕೆಳಗಿನ ಖಾನೆಯಲ್ಲಿ ಗೋಡೆಗೆ ಅಂಟ್ಕೊಂಡಿದೆ, ಇವತ್ತೇ ಆಚೆ ಇಡ್ತೀನಿ. ಕೂಲರ್ ಬಂದ್ಮೇಲೆ ಟೆಂಪರೇಚರ್ ಹಾಕ್ತೀನಿ.